ದಣಿದ ಮೈ ಮತ್ತೆ ಅಣಿಯಾಗುವ ಬಗೆ

ಬೆಳಗ್ಗೆ ಕಣ್ಣು ಬಿಡುವ ಹೊತ್ತಿಗೆ ಮಣಿಕಟ್ಟಿನ ಸ್ಮಾರ್ಟ್ ವಾಚು ‘ಇಂದು ನಿಮ್ಮ ಚೇತರಿಕೆ ಶೇ 41’ ಎಂದು ತೋರಿಸುತ್ತದೆ. ಮೊಬೈಲ್ ತೆರೆದರೆ, ಐಸ್ ತುಂಬಿದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಹಲ್ಲು ಕಚ್ಚಿ ಕುಳಿತ ಕ್ರೀಡಾಪಟುವಿನ ವಿಡಿಯೊ ಕಾಣುತ್ತದೆ. ಒಂದು ಕಾಲದಲ್ಲಿ ತಂಡದ ಕೋಚ್ ಮತ್ತು ಫಿಸಿಯೊ ನಡುವೆಯಷ್ಟೇ ಓಡಾಡುತ್ತಿದ್ದ ‘ರಿಕವರಿ’ ಎಂಬ ಮಾತು ಈಗ ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವವರ, ಮೊದಲ ಬಾರಿಗೆ ಹತ್ತು ಕಿಲೊಮೀಟರ್ ಓಟಕ್ಕೆ ಹೆಸರು ಕೊಟ್ಟವರ, ದಿನವಿಡೀ ಕುರ್ಚಿಯಲ್ಲಿ ಕುಳಿತು ಸೊಂಟ ಹಿಡಿದುಕೊಂಡವರ ಬಾಯಲ್ಲೂ ಇದೆ. ಅದರ ಬೆನ್ನಿಗೇ ಬಂದಿರುವ ಪುಡಿಗಳು, ಪಟ್ಟಿಗಳು, ಕಂಪಿಸುವ ಯಂತ್ರಗಳು ಎಷ್ಟಿವೆಯೆಂದರೆ, ಮೈ ತಾನಾಗಿಯೇ ಮಾಡಿಕೊಳ್ಳುವ ಕೆಲಸ ಯಾವುದು, ಹೊರಗಿನಿಂದ ನಾವು ಮಾಡಬಹುದಾದದ್ದು ಎಷ್ಟು ಎಂಬ ಗೆರೆಯೇ ಅಳಿಸಿಹೋಗಿದೆ.

ಜಡ್ಡು ಮತ್ತು ಗುಳ್ಳೆ

ಗುದ್ದಲಿ ಹಿಡಿದು ರೂಢಿಯಿಲ್ಲದವರು ಒಂದೇ ದಿನ ಸಂಜೆಯವರೆಗೆ ನೆಲ ಅಗೆದರೆ ಅಂಗೈಯಲ್ಲಿ ನೀರುಗುಳ್ಳೆ ಏಳುತ್ತದೆ. ಅದೇ ಕೆಲಸವನ್ನು ದಿನಕ್ಕೆ ಅರ್ಧ ಗಂಟೆಯಂತೆ, ನಡುವೆ ಬಿಡುವು ಕೊಟ್ಟು ಮಾಡಿದರೆ ಅದೇ ಜಾಗದ ಚರ್ಮ ಜಡ್ಡುಗಟ್ಟುತ್ತದೆ. ಉಜ್ಜಾಟ ಎರಡೂ ಕಡೆ ಒಂದೇ. ಗುಳ್ಳೆಯೋ ಜಡ್ಡೋ ಎಂಬುದನ್ನು ತೀರ್ಮಾನಿಸುವುದು ಉಜ್ಜಾಟದ ಪ್ರಮಾಣ ಮತ್ತು ನಡುವೆ ಸಿಕ್ಕ ಬಿಡುವು.

ವ್ಯಾಯಾಮಕ್ಕೂ ಮೈಗೂ ಇರುವ ನಂಟು ಇಂಥದ್ದೇ. ವ್ಯಾಯಾಮ ಮಾಡುತ್ತಿರುವಾಗ ನಾವು ಬಲಗೊಳ್ಳುತ್ತಿರುತ್ತೇವೆ ಎಂದು ಅನಿಸುವುದು ಸಹಜ. ಆದರೆ ಮುಗಿಸಿ ಹೊರಬರುವ ಆ ಗಳಿಗೆಯಲ್ಲಿ ಅಳತೆ ಮಾಡಿದರೆ, ಒಳಹೋದಾಗ ಇದ್ದುದಕ್ಕಿಂತ ನಮ್ಮ ಬಲ ಕಡಿಮೆಯೇ ಇರುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಇಂಧನ ಇಳಿದಿರುತ್ತದೆ, ಕೆಲವು ಎಳೆಗಳು ಜಗ್ಗಿ ಘಾಸಿಯಾಗಿರುತ್ತವೆ, ಅವುಗಳನ್ನು ನಡೆಸುವ ನರವ್ಯವಸ್ಥೆಯೂ ದಣಿದಿರುತ್ತದೆ. ಮುಂದಿನ ಗಂಟೆಗಳಲ್ಲಿ ಮತ್ತು ದಿನಗಳಲ್ಲಿ ಮೈ ಈ ನಷ್ಟವನ್ನು ತುಂಬಿಕೊಳ್ಳುತ್ತದೆ, ಮತ್ತೆ ಅಂಥದೇ ಭಾರ ಬಂದೀತು ಎಂಬಂತೆ ಮೊದಲಿಗಿಂತ ತುಸು ಹೆಚ್ಚೇ ಕಟ್ಟಿಕೊಳ್ಳುತ್ತದೆ. ಈ ಇಡೀ ಕೆಲಸದ ಹೆಸರು ಚೇತರಿಕೆ. ಅದು ಮುಗಿಯುವ ಮೊದಲೇ ಮತ್ತೆ ಮತ್ತೆ ದೊಡ್ಡ ಭಾರ ಬಿದ್ದರೆ ಬಲ ಕುಸಿಯುತ್ತ ಹೋಗುತ್ತದೆ. ಮುಗಿದು ವಾರಗಟ್ಟಲೆ ಯಾವ ಭಾರವೂ ಬೀಳದಿದ್ದರೆ ಗಳಿಸಿದ್ದು ಕರಗುತ್ತದೆ.

ಎರಡನೆಯ ದಿನದ ನೋವು

ಹೊಸದಾಗಿ ಬಸ್ಕಿ ಹೊಡೆದವರು ಆ ರಾತ್ರಿ ಆರಾಮವಾಗಿ ಮಲಗುತ್ತಾರೆ. ಮರುದಿನ ತೊಡೆ ಹಿಡಿದುಕೊಂಡಂತಾಗುತ್ತದೆ, ಅದರ ಮರುದಿನ ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತದೆ. ತಡವಾಗಿ ಬರುವ ಈ ನೋವು ಸಾಮಾನ್ಯವಾಗಿ 12ರಿಂದ 24 ಗಂಟೆಗಳಲ್ಲಿ ತಲೆಯೆತ್ತಿ, 24ರಿಂದ 72 ಗಂಟೆಗಳ ನಡುವೆ ಜೋರಾಗಿ, ಐದಾರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಇದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂಬ ಮಾತು ಜಿಮ್‌ಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಸ್ನಾಯು ಮತ್ತು ಲ್ಯಾಕ್ಟಿಕ್ ಆಮ್ಲದ ಸಂಬಂಧ ಹಳೆಯ, ಗೌರವದ ಸಂಶೋಧನಾ ವಿಷಯವೇ ಹೌದು. ಸ್ನಾಯುಗಳ ಮೇಲಿನ ಕೆಲಸಕ್ಕಾಗಿ ಆರ್ಚಿಬಾಲ್ಡ್ ಹಿಲ್ ಮತ್ತು ಆಟೊ ಮೆಯರ್‌ಹಾಫ್ ಅವರಿಗೆ 1922ನೇ ಸಾಲಿನ ನೊಬೆಲ್ ಬಹುಮಾನ ಬಂದಿತ್ತು. ಆದರೆ ಕಠಿಣ ವ್ಯಾಯಾಮದಲ್ಲಿ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಪ್ರಮಾಣ ಸುಮಾರು ಒಂದು ಗಂಟೆಯೊಳಗೆ ಮಾಮೂಲಿಗೆ ಮರಳುತ್ತದೆ, ಅದರ ಬಹುಪಾಲನ್ನು ಹೃದಯವೂ ಇತರ ಸ್ನಾಯುಗಳೂ ಇಂಧನವಾಗಿಯೇ ಬಳಸಿಕೊಳ್ಳುತ್ತವೆ. ನಿನ್ನೆಯೇ ಹೊರಟುಹೋದದ್ದು ನಾಳೆ ನೋವು ಕೊಡಲಾರದು. 1983ರಲ್ಲಿ ಪ್ರಕಟವಾದ ಒಂದು ಸರಳ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು: ಸಮತಟ್ಟಾದ ಟ್ರೆಡ್‌ಮಿಲ್‌ನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರಿತು, ಆದರೆ ನಂತರ ಹೇಳಿಕೊಳ್ಳುವಂಥ ನೋವು ಬರಲಿಲ್ಲ, ಇಳಿಜಾರಿಗೆ ಹೊಂದಿಸಿದ ಟ್ರೆಡ್‌ಮಿಲ್‌ನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ನೋವು ಮಾತ್ರ ಬಂತು.

ಇಳಿಜಾರಿನಲ್ಲಿ ಅಂಥದ್ದೇನಿದೆ? ಸ್ನಾಯು ಎರಡು ಬಗೆಯಲ್ಲಿ ಭಾರ ಹೊರುತ್ತದೆ. ಬಿಂದಿಗೆ ಎತ್ತುವಾಗ ತೋಳಿನ ಸ್ನಾಯು ಮೊಟಕಾಗುತ್ತ ಎಳೆಯುತ್ತದೆ. ಅದನ್ನೇ ನಿಧಾನವಾಗಿ ನೆಲಕ್ಕಿಳಿಸುವಾಗ ಅದೇ ಸ್ನಾಯು ಬಿಗಿ ಬಿಡದೆ ಉದ್ದವಾಗುತ್ತ ಹೋಗುತ್ತದೆ. ಎರಡನೆಯದರಲ್ಲಿ ಸ್ನಾಯು ಬ್ರೇಕಿನಂತೆ ಕೆಲಸ ಮಾಡುತ್ತದೆ, ಮತ್ತು ಪ್ರತಿ ಎಳೆಯ ಮೇಲೆ ಜಗ್ಗಾಟ ಹೆಚ್ಚು. ಬೆಟ್ಟ ಇಳಿಯುವಾಗ, ಮೆಟ್ಟಿಲು ಇಳಿಯುವಾಗ, ಬಸ್ಕಿಯಲ್ಲಿ ಕೆಳಗೆ ಕೂರುವಾಗ ತೊಡೆಯ ಮುಂಭಾಗ ಮಾಡುವುದು ಈ ಬ್ರೇಕಿನ ಕೆಲಸವನ್ನೇ. ಒಮ್ಮೆ ಬೆಟ್ಟವೊಂದನ್ನು ಏದುಸಿರು ಬಿಡುತ್ತ ಹತ್ತಿ, ಸಲೀಸಾಗಿ ಇಳಿದುಬಂದ ಎರಡನೆಯ ದಿನ ನಾನು ಮನೆಯ ಮೆಟ್ಟಿಲುಗಳನ್ನು ಗೋಡೆ ಹಿಡಿದು ಹಿಮ್ಮುಖವಾಗಿ ಇಳಿದಿದ್ದೆ. ನೋಯಿಸಿದ್ದು ಹತ್ತುವಾಗಿನ ಏದುಸಿರಲ್ಲ, ಸಲೀಸೆನಿಸಿದ ಇಳಿತವೇ ಎಂಬುದು ಆಗ ಹೊಳೆದಿರಲಿಲ್ಲ.

ಅತಿಯಾಗಿ ಜಗ್ಗಿದ ಜಾಗಗಳಲ್ಲಿ ಸ್ನಾಯುವಿನ ಎಳೆಯೊಳಗಿನ ಅತಿ ಸಣ್ಣ ಜೋಡಣೆಗಳು ಅಸ್ತವ್ಯಸ್ತವಾಗುತ್ತವೆ. ನೋವಿಗೆ ಸ್ನಾಯುವಿನೊಳಗಿನ ಸೀಳು ಕಾರಣವಿರಬಹುದೆಂದು ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್ 1902ರಷ್ಟು ಹಿಂದೆಯೇ ಬರೆದಿದ್ದರು. ಘಾಸಿಯಾದ ಜಾಗಕ್ಕೆ ಬಿಳಿ ರಕ್ತಕಣಗಳು ಬಂದು ಹಾಳಾದ ತುಣುಕುಗಳನ್ನು ತೆಗೆದುಹಾಕುತ್ತವೆ, ಅಲ್ಲಿ ನೀರು ತುಂಬಿ ತುಸು ಬಾವು ಬರುತ್ತದೆ, ನೋವಿನ ನರತುದಿಗಳು ಸೂಕ್ಷ್ಮವಾಗುತ್ತವೆ. ಇದೇ ಉರಿಯೂತ. ಎಳೆಗಳ ಅಂಚಿಗೆ ಅಂಟಿಕೊಂಡು ಸುಮ್ಮನೆ ಮಲಗಿರುವ ಒಂದು ಬಗೆಯ ಮೀಸಲು ಕೋಶಗಳು ಈ ಗದ್ದಲಕ್ಕೆ ಎಚ್ಚೆತ್ತು, ಸಂಖ್ಯೆಯಲ್ಲಿ ಹೆಚ್ಚಿ, ರಿಪೇರಿಗೆ ಕೈಜೋಡಿಸುತ್ತವೆ. ಅಲೆಗ್ಸಾಂಡರ್ ಮೌರೊ 1961ರಲ್ಲಿ ಗುರುತಿಸಿದ ಇವನ್ನು ಸ್ಯಾಟಲೈಟ್ ಕೋಶಗಳೆನ್ನುತ್ತಾರೆ. ಕೆಲವು ವಾರಗಳೊಳಗೆ ಅದೇ ವ್ಯಾಯಾಮವನ್ನು ಮತ್ತೆ ಮಾಡಿದರೆ ನೋವು ಎದ್ದು ಕಾಣುವಷ್ಟು ಕಡಿಮೆಯಿರುತ್ತದೆ. ಹಾಗಾಗಿ ನೋವು ಎಷ್ಟಿದೆ ಎಂಬುದು ವ್ಯಾಯಾಮ ಎಷ್ಟು ಫಲ ಕೊಟ್ಟಿತು ಎಂಬುದರ ಅಳತೆಯಲ್ಲ; ಅದು ಬಹುಮಟ್ಟಿಗೆ ಆ ಚಲನೆ ನಮಗೆ ಎಷ್ಟು ಹೊಸದು ಎಂಬುದರ ಅಳತೆ.

ಒಂದೇ ಮೈ, ಹಲವು ಗಡಿಯಾರ

ಚೇತರಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಏಕೆ ಕಷ್ಟವೆಂದರೆ, ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ಏರಿದ ಉಸಿರು ನಿಮಿಷಗಳಲ್ಲಿ ಹಿಡಿತಕ್ಕೆ ಬರುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಸಕ್ಕರೆ, ದೀರ್ಘ ಓಟದಲ್ಲಿ ಬಹುಪಾಲು ಖರ್ಚಾದರೂ, ಸರಿಯಾಗಿ ಉಂಡರೆ ಸುಮಾರು ಒಂದು ದಿನದಲ್ಲಿ ತುಂಬಿಕೊಳ್ಳುತ್ತದೆ. ಭಾರ ಎತ್ತಿದ ಸ್ನಾಯು ಹೊಸ ಪ್ರೋಟೀನ್ ಕಟ್ಟುವ ಕೆಲಸವನ್ನು ಒಂದೆರಡು ದಿನ ಜೋರಾಗಿ ನಡೆಸುತ್ತದೆ. ಇವೆಲ್ಲ ರಕ್ತ ಸಮೃದ್ಧವಾಗಿ ಹರಿಯುವ ಭಾಗಗಳು.

ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿಯ, ಅಂದರೆ ಸ್ನಾಯುರಜ್ಜುವಿನ, ಕಥೆ ಬೇರೆ. ಅಲ್ಲಿ ರಕ್ತದ ಹರಿವೂ ಕಡಿಮೆ, ಕೋಶಗಳೂ ವಿರಳ. ಅದು ಎಷ್ಟು ನಿಧಾನವೆಂಬುದಕ್ಕೆ ವಿಚಿತ್ರವಾದ ಮೂಲದಿಂದ ಪುರಾವೆ ಸಿಕ್ಕಿದೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿ, ನಂತರ ವರ್ಷ ವರ್ಷವೂ ಇಳಿಯುತ್ತ ಬಂತು. ಅದು ಆಹಾರದ ಮೂಲಕ ಎಲ್ಲರ ಮೈಯಲ್ಲೂ ಸೇರಿದ್ದರಿಂದ, ಒಂದು ಅಂಗಾಂಶ ಯಾವ ವರ್ಷಗಳಲ್ಲಿ ಕಟ್ಟಿದ್ದು ಎಂಬುದನ್ನು ಅದರಲ್ಲಿರುವ ಪ್ರಮಾಣದಿಂದ ಲೆಕ್ಕಹಾಕಬಹುದು. ಹಿಮ್ಮಡಿಯ ಹಿಂದಿರುವ ಅಕಿಲಿಸ್ ಹುರಿಯನ್ನು ಹೀಗೆ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಒಳತಿರುಳು ಸುಮಾರು ಹದಿನೇಳನೆಯ ವಯಸ್ಸಿನವರೆಗೆ ಬೆಳೆದದ್ದು, ಆಮೇಲೆ ಅದು ಹೊಸದಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಐವತ್ತರ ಓಟಗಾರ ಓಡುತ್ತಿರುವುದು ಹದಿಹರೆಯದಲ್ಲಿ ಹೊಸೆದ ಹುರಿಯ ಮೇಲೆ. ಭಾರ ಬಿದ್ದಂತೆ ಈ ಹುರಿ ಹೆಚ್ಚು ಬಿಗುವಾಗುವುದು ನಿಜ, ಆದರೆ ಅದಕ್ಕೆ ತಿಂಗಳುಗಳು ಬೇಕು.

ಮೂಳೆ ಇನ್ನೊಂದು ಬಗೆಯದು. ಅದು ಸತ್ತ ಕಂಬವಲ್ಲ. ಹಳೆಯದನ್ನು ಕೆರೆದು ತೆಗೆಯುವ ಕೋಶಗಳೂ ಹೊಸದನ್ನು ತುಂಬುವ ಕೋಶಗಳೂ ಅದರಲ್ಲಿ ಸದಾ ದುಡಿಯುತ್ತಿರುತ್ತವೆ. ಕೆರೆಯುವವರ ಕೆಲಸ ಬೇಗ, ತುಂಬುವವರ ಕೆಲಸ ನಿಧಾನ. ಒಮ್ಮೆಲೇ ಹೊಸ ಭಾರ ಬಿದ್ದಾಗ ನಡುವಿನ ಕೆಲವು ವಾರ ಮೂಳೆ ತುಸು ದುರ್ಬಲವಾಗಿಯೇ ಇರುತ್ತದೆ, ಆ ಹೊತ್ತಿನಲ್ಲಿ ಭಾರ ಏರುತ್ತಲೇ ಹೋದರೆ ಕೂದಲೆಳೆಯಂಥ ಬಿರುಕು ಬೀಳಬಹುದು. ದೂರದ ಕವಾಯತುಗಳ ನಂತರ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಪ್ರಷ್ಯಾದ ಸೇನಾವೈದ್ಯ ಬ್ರೈಥಾಪ್ಟ್ 1855ರಲ್ಲೇ ದಾಖಲಿಸಿದ್ದರು. ಎಕ್ಸ್‌ರೇ ಬಂದ ಮೇಲೆ ಅದು ಇಂಥ ಬಿರುಕೆಂದು ತಿಳಿಯಿತು.

ಹೊಸ ಓಟಗಾರರು ಮೊದಲ ವಾರಗಳಲ್ಲಿ ಅಲ್ಲ, ತಿಂಗಳು ಕಳೆದ ಮೇಲೆ, ಎಲ್ಲವೂ ಚೆನ್ನಾಗಿದೆ ಎನಿಸುವಾಗಲೇ ಗಾಯ ಮಾಡಿಕೊಳ್ಳುವುದು ಏಕೆ ಎಂಬುದು ಇಲ್ಲಿಂದ ಅರ್ಥವಾಗುತ್ತದೆ. ತರಬೇತಿ ಶುರುವಾದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ಏದುಸಿರು ಕಡಿಮೆಯಾಗುತ್ತದೆ. ಎದೆ ‘ಇನ್ನೂ ಓಡು’ ಎನ್ನುತ್ತಿರುವಾಗ ಮೊಣಕಾಲ ಕೆಳಗಿನ ಮೂಳೆಯೂ ಹಿಮ್ಮಡಿಯ ಹುರಿಯೂ ಇನ್ನೂ ಮೊದಲ ವಾರದ ಲೆಕ್ಕ ಮುಗಿಸಿರುವುದಿಲ್ಲ. ದೂರ, ವೇಗ, ಇಳಿಜಾರು ಈ ಮೂರನ್ನೂ ಒಂದೇ ವಾರದಲ್ಲಿ ಏರಿಸಬೇಡಿ ಎಂದು ಅನುಭವಿ ಕೋಚ್‌ಗಳು ಹೇಳುವುದು ಈ ನಿಧಾನದ ಗಡಿಯಾರಗಳನ್ನು ನೆನಪಿನಲ್ಲಿಟ್ಟುಕೊಂಡು.

ನಿದ್ದೆ, ಊಟ, ನೀರು

ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಎಂಬುದು ಎಲ್ಲರೂ ಕೇಳಿರುವ ಮಾತು. ಚೇತರಿಕೆಯ ದೃಷ್ಟಿಯಿಂದ ಅದರ ಮಹತ್ವವೆಂದರೆ, ನಿದ್ದೆಯ ಮೊದಲ ಭಾಗದಲ್ಲಿ ಹೆಚ್ಚಾಗಿ ಬರುವ ಗಾಢ ಹಂತದಲ್ಲೇ ಬೆಳವಣಿಗೆಯ ಹಾರ್ಮೋನ್ ದೊಡ್ಡ ಪ್ರಮಾಣದಲ್ಲಿ ಸ್ರವಿಸುತ್ತದೆ. 2011ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ 11 ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಐದರಿಂದ ಏಳು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರುವಂತೆ ಹೇಳಲಾಯಿತು. ಅವರ ಓಟದ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು, ಫ್ರೀ ಥ್ರೋ ನಿಖರತೆ ಶೇ 9ರಷ್ಟು ಏರಿತು. ಹೋಲಿಕೆಗೆ ಬೇರೆ ಗುಂಪು ಇಲ್ಲದ ಸಣ್ಣ ಅಧ್ಯಯನ ಇದು, ಆದ್ದರಿಂದ ಅಂಕಿಗಳನ್ನು ತುಸು ಸಡಿಲವಾಗಿಯೇ ಹಿಡಿಯಬೇಕು. ನಿದ್ದೆಗೆಟ್ಟವರ ಪ್ರತಿಕ್ರಿಯೆ ಮಂದವಾಗುತ್ತದೆ, ಅದೇ ಶ್ರಮ ಹೆಚ್ಚು ಕಷ್ಟವೆನಿಸುತ್ತದೆ ಎಂಬುದು ಮಾತ್ರ ಹಲವಾರು ಪ್ರಯೋಗಗಳಲ್ಲಿ ಕಂಡದ್ದು.

ರಿಪೇರಿಗೆ ಸಾಮಗ್ರಿ ಬೇಕು, ಅದು ಊಟದಿಂದ ಬರಬೇಕು. ಸಾಮಾನ್ಯ ವಯಸ್ಕರಿಗೆ ಸೂಚಿಸುವ ಪ್ರೋಟೀನ್ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ ಸುಮಾರು 0.8 ಗ್ರಾಂ. ಭಾರ ಎತ್ತುವ ತರಬೇತಿ ಪಡೆಯುವವರ ಮೇಲಿನ 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳವಣಿಗೆಗೆ ಹೆಚ್ಚಿನ ಲಾಭ ಕಾಣಲಿಲ್ಲ. 60 ಕಿಲೊ ತೂಕದವರಿಗೆ ಇದು 48 ಗ್ರಾಂ ಮತ್ತು 96 ಗ್ರಾಂ ನಡುವಿನ ವ್ಯತ್ಯಾಸ. ಊಟದಿಂದಲೇ ತುಂಬಿಕೊಂಡರೆ ಪುಡಿ ಬೇಕಿಲ್ಲ, ತುಂಬಿಕೊಳ್ಳದಿದ್ದರೆ ಪುಡಿ ಒಂದು ಅನುಕೂಲ, ಅಷ್ಟೇ. ಮೂತ್ರಪಿಂಡದ ಕಾಯಿಲೆಯಿರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ನೀರಿನ ವಿಷಯದಲ್ಲಿ ಭಯ ಎರಡೂ ಕಡೆ ಇದೆ. ವ್ಯಾಯಾಮದ ಮೊದಲು ಮತ್ತು ನಂತರ ತೂಕ ನೋಡಿದರೆ, ಕಡಿಮೆಯಾದ ಒಂದು ಕಿಲೊ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಅದನ್ನು ಕೆಲವು ಗಂಟೆಗಳಲ್ಲಿ, ಊಟದ ಉಪ್ಪಿನ ಜೊತೆಗೆ, ತುಂಬಿಕೊಂಡರೆ ಸಾಕು. ಬೇಕಿಲ್ಲದಿದ್ದರೂ ಕುಡಿಯುತ್ತಲೇ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಯ ಸೋಡಿಯಂ ಮಟ್ಟ ಕಡಿಮೆಯಾಗಿತ್ತು, ಓಟದಲ್ಲಿ ತೂಕ ಇಳಿಯುವ ಬದಲು ಏರಿದವರಲ್ಲಿ ಈ ತೊಂದರೆ ಹೆಚ್ಚಾಗಿತ್ತು.

ಐಸ್ ತೊಟ್ಟಿ, ಮಸಾಜ್, ಸ್ಟ್ರೆಚಿಂಗ್

ಹೊರಗಿನ ಉಪಾಯಗಳ ಬಗ್ಗೆ ತಿಳಿಯುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಇದರಿಂದ ನೋವು ಕಡಿಮೆ ಎನಿಸುತ್ತದೆಯೇ? ಇದರಿಂದ ಅಂಗಾಂಶ ಬೇಗ ಸರಿಹೋಗುತ್ತದೆಯೇ? ಮೊದಲನೆಯದಕ್ಕೆ ಹೌದು ಎಂದರೆ ಎರಡನೆಯದಕ್ಕೂ ಹೌದು ಎಂದಾಗುವುದಿಲ್ಲ, ಕೆಲವೊಮ್ಮೆ ಉತ್ತರ ಉಲ್ಟಾ ಇರುತ್ತದೆ.

10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುಳಿತರೆ ಮುಂದಿನ ಒಂದೆರಡು ದಿನಗಳ ನೋವು ಕಡಿಮೆಯಾಗುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಬೆನ್ನುಬೆನ್ನಿಗೆ ಎರಡು ದಿನ ಪಂದ್ಯ ಆಡಬೇಕಾದವರಿಗೆ ಇದು ದೊಡ್ಡ ಉಪಕಾರ. ಆದರೆ 2015ರಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನವೊಂದರಲ್ಲಿ, ಪ್ರತಿ ಭಾರದ ವ್ಯಾಯಾಮದ ನಂತರ ತಣ್ಣೀರಿನಲ್ಲಿ ಕುಳಿತವರ ಸ್ನಾಯು ಮತ್ತು ಬಲ, ನಂತರ ಹಗುರಾಗಿ ಸೈಕಲ್ ತುಳಿದವರಿಗಿಂತ ಕಡಿಮೆ ಬೆಳೆದವು. ಉರಿಯೂತವನ್ನು ಬೇಗ ತಣಿಸಿದರೆ, ಅದು ಕೊಡಬೇಕಿದ್ದ ‘ಕಟ್ಟು’ ಎಂಬ ಸೂಚನೆಯೂ ತಣ್ಣಗಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಉಳುಕಿಗೆ ಐಸ್ ಇಡುವ ಸಲಹೆಗೂ ಇದೇ ತಿರುವು ಬಂದಿದೆ: ವಿಶ್ರಾಂತಿ, ಐಸ್, ಒತ್ತುಪಟ್ಟಿ, ಎತ್ತರಿಸಿಡುವುದು ಎಂಬ ನಾಲ್ಕು ಹೆಜ್ಜೆಯ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ವೈದ್ಯ ಗೇಬ್ ಮರ್ಕಿನ್ ಅವರೇ ದಶಕಗಳ ನಂತರ, ಐಸ್ ಮತ್ತು ಪೂರ್ಣ ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು ಬರೆದರು. ಐಸ್ ನೋವು ಮರಗಟ್ಟಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಬಟ್ಟೆ ಸುತ್ತಿ ಹತ್ತು ನಿಮಿಷ ಇಟ್ಟರೆ ಹಾನಿಯೂ ಇಲ್ಲ.

ಮಸಾಜ್‌ನಿಂದ ನೋವು ಸ್ವಲ್ಪ ಇಳಿಯುತ್ತದೆ, ಮೈ ಸಡಿಲವೆನಿಸುತ್ತದೆ. ‘ವಿಷ ಹೊರಹೋಗುತ್ತದೆ’ ಎಂಬ ಜಾಹೀರಾತಿನ ಮಾತಿಗೆ ಆಧಾರವಿಲ್ಲ. ಸ್ನಾಯುವಿನಡಿ ಇಟ್ಟು ಉರುಳಿಸುವ ಫೋಮ್ ರೋಲರ್‌ನದೂ ಹೆಚ್ಚುಕಡಿಮೆ ಇದೇ ಲೆಕ್ಕ. ಸ್ಟ್ರೆಚಿಂಗ್ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆ ಹೇಳುವುದೇನೆಂದರೆ, ವ್ಯಾಯಾಮದ ಮೊದಲು ಮಾಡಿದರೂ ನಂತರ ಮಾಡಿದರೂ ಮರುದಿನಗಳ ನೋವಿನಲ್ಲಿ ಗಮನಕ್ಕೆ ಬರುವಂಥ ವ್ಯತ್ಯಾಸವಿಲ್ಲ. ಕೀಲುಗಳ ಚಲನೆ ಸಲೀಸಾಗಬೇಕೆಂದಿದ್ದರೆ ಸ್ಟ್ರೆಚಿಂಗ್ ಮಾಡಲು ಅದೇ ಸಾಕಷ್ಟು ಕಾರಣ.

ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಐಬುಪ್ರೊಫೆನ್ ತರಹದ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸಬಲ್ಲವು, ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಆ ಅಪಾಯ ಹೆಚ್ಚು.

ಮಲಗಿದರೆ ಗುಣವೇ?

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯವನ್ನು ಅಳೆಯಲಾಯಿತು. ಅದು ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆದು ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯಸ್ಸು ಕಸಿದದ್ದು ಆ ಮೂರು ವಾರಗಳ ಮಲಗುವಿಕೆ ಕಸಿದಷ್ಟು ಇರಲಿಲ್ಲ.

ಆದ್ದರಿಂದ ವ್ಯಾಯಾಮದ ಮರುದಿನದ ವಿಶ್ರಾಂತಿ ಎಂದರೆ ಕದಲದೆ ಇರುವುದಲ್ಲ. ಮಾತನಾಡುತ್ತ ಸಾಗಬಹುದಾದ ವೇಗದ ನಡಿಗೆ, ನಿಧಾನದ ಈಜು, ಮನೆಗೆಲಸ ಇವು ಸ್ನಾಯುಗಳಿಗೆ ರಕ್ತ ಹರಿಸುತ್ತವೆ, ಬಿಗಿತ ಬಿಡಿಸುತ್ತವೆ, ಹೊಸ ಘಾಸಿ ಮಾಡುವುದಿಲ್ಲ. ಕುಳಿತೇ ದುಡಿಯುವವರ ಕುತ್ತಿಗೆ ಮತ್ತು ಸೊಂಟದ ನೋವು ಇದರ ಇನ್ನೊಂದು ತುದಿ. ಅಲ್ಲಿ ಭಾರ ಕಡಿಮೆ, ಬಿಡುವೂ ಇಲ್ಲ: ಅವೇ ಸ್ನಾಯುಗಳು ಸಣ್ಣ ಬಿಗಿಯನ್ನು ಗಂಟೆಗಟ್ಟಲೆ ಹಿಡಿದೇ ಇರುತ್ತವೆ. ಅವರಿಗೆ ಚೇತರಿಕೆಯೆಂದರೆ ಮಲಗುವುದಲ್ಲ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ವಾರಕ್ಕೆರಡು ಬಾರಿಯಾದರೂ ಬೆನ್ನು ಮತ್ತು ಕಾಲಿಗೆ ನಿಜವಾದ ಭಾರ ಕೊಡುವುದು.

ವಾಚು ಏನನ್ನು ಎಣಿಸುತ್ತದೆ

ಎದೆಬಡಿತ ಗಡಿಯಾರದ ಟಿಕ್‌ಟಿಕ್‌ನಷ್ಟು ಸಮವಾಗಿರುವುದಿಲ್ಲ; ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೆಚ್ಚುಕಡಿಮೆಯಾಗುತ್ತಲೇ ಇರುತ್ತದೆ. ಮೈ ನಿರಾಳವಾಗಿದ್ದಾಗ ಈ ಏರಿಳಿತ ಸಾಮಾನ್ಯವಾಗಿ ಹೆಚ್ಚು, ಒತ್ತಡದಲ್ಲಿ ಕಡಿಮೆ. ವಾಚು ಇದನ್ನೂ ವಿಶ್ರಾಂತಿಯ ನಾಡಿಬಡಿತವನ್ನೂ ನಿದ್ದೆಯ ಅಂದಾಜನ್ನೂ ಸೇರಿಸಿ, ಕಂಪನಿ ತನಗೆ ತೋಚಿದ ಸೂತ್ರದಿಂದ ಒಂದು ಶೇಕಡಾವಾರು ಕೊಡುತ್ತದೆ. ಹಿಮ್ಮಡಿಯ ಹುರಿ ಹೇಗಿದೆ, ಪಾದದ ಮೂಳೆ ಏನು ಮಾಡುತ್ತಿದೆ ಎಂಬುದು ಅದಕ್ಕೆ ತಿಳಿಯದು. ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರದರ ಪಕ್ಕ ಇಡುವುದರಿಂದ ಪ್ರಯೋಜನವಿಲ್ಲ. ತನ್ನದೇ ಹಲವು ವಾರಗಳ ಸರಾಸರಿಯ ಜೊತೆ ಹೋಲಿಸಿದರೆ ಏನಾದರೂ ತಿಳಿದೀತು. ಬೆಳಗಿನ ನಾಡಿ ಕೆಲವು ದಿನ ಮಾಮೂಲಿಗಿಂತ ಏರಿಯೇ ಇದ್ದು, ನಿದ್ದೆ ಕೆಟ್ಟು, ಸಿಡುಕು ಹೆಚ್ಚಿ, ಸುಲಭವಾಗಿದ್ದ ಓಟವೂ ಭಾರವೆನಿಸತೊಡಗಿದರೆ, ವಾಚು ಏನೇ ಹೇಳಲಿ, ಭಾರ ಇಳಿಸುವ ಹೊತ್ತು ಅದು.

ಯಾವ ನೋವಿಗೆ ಕಾಯಬಾರದು

ತಡವಾಗಿ ಬರುವ ಮಾಮೂಲಿ ನೋವು ಸ್ನಾಯುವಿನ ತುಂಬ ಹರಡಿರುತ್ತದೆ, ಎರಡೂ ಬದಿಯಲ್ಲಿರುತ್ತದೆ, ತುಸು ಓಡಾಡಿದರೆ ಸಡಿಲಾಗುತ್ತದೆ. ಒಂದೇ ಬೆರಳಿನಿಂದ ಮುಟ್ಟಿ ತೋರಿಸಬಹುದಾದ ನೋವು, ಮೂಳೆಯ ಮೇಲೆ ಒತ್ತಿದರೆ ಚುಳ್ಳೆನ್ನುವುದು, ಕೀಲು ಊದಿಕೊಳ್ಳುವುದು, ಕಾಲೂರಲು ಆಗದಿರುವುದು, ಜೋಮು ಅಥವಾ ಬಲಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇವು ಆ ಜಾತಿಗೆ ಸೇರಿದವಲ್ಲ; ವೈದ್ಯರಿಗೆ ತೋರಿಸಬೇಕು. ವ್ಯಾಯಾಮದಲ್ಲಿ ಎದೆ ಬಿಗಿಯುವುದು ಅಥವಾ ತಲೆಸುತ್ತಿ ಬೀಳುವುದು ತುರ್ತು ಸ್ಥಿತಿ.

ಇನ್ನೊಂದು ಅಪರೂಪದ್ದು, ಆದರೆ ಬಹಳ ದಿನಗಳ ನಂತರ ಒಮ್ಮೆಲೇ ನೂರಾರು ಬಸ್ಕಿ ಹೊಡೆದವರಲ್ಲಿ ಕಾಣಿಸಿಕೊಳ್ಳಬಹುದಾದದ್ದು. ಸ್ನಾಯು ಎಳೆಗಳು ದೊಡ್ಡ ಪ್ರಮಾಣದಲ್ಲಿ ಒಡೆದು, ಒಳಗಿದ್ದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮಿತಿಮೀರಿದ ನೋವು ಮತ್ತು ಊತದ ಜೊತೆ ಮೂತ್ರ ಕಂದುಬಣ್ಣಕ್ಕೆ, ಹಾಲಿಲ್ಲದ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.